ಹೆಲಿಕಾಪ್ಟರ್ ಕಂಪನಿಯ ಮುಯ್ಯಾಳು

ಶಿರಂಗಾಲದ ಹುಚ್ಚಮ್ಮನಿಗೆ ಎರಡು ಥರದ ಜನರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಡೈರಿಗೆ ನೀರು ಬೆರೆಸಿದ ಹಾಲು ತರುವವರು ಒಂದು, ಮುಯ್ಯಿ ತಿಂದು ಕೈ ತೊಳೆದುಕೊಳ್ಳುವವರು ಇನ್ನೊಂದು. ಮೊದಲನೆಯವರನ್ನು ಡೈರಿಯ ಯಂತ್ರ ಹಿಡಿದುಹಾಕುತ್ತದೆ. ಎರಡನೆಯವರನ್ನು ಹಿಡಿಯುವ ಯಂತ್ರವನ್ನು ಯಾವ ಪುಣ್ಯಾತ್ಮನೂ ಇನ್ನೂ ಕಂಡುಹಿಡಿದಿಲ್ಲ ಎನ್ನುವುದು ಅವಳ ದೂರು.

ಮುಯ್ಯಾಳು ಎಂದರೆ ಇಷ್ಟೇ: ನಾಟಿ ಕಾಲದಲ್ಲಿ ಇವತ್ತು ನೀನು ನನ್ನ ಗದ್ದೆಗೆ ಬಾ, ನಾಳೆ ನಾನು ನಿನ್ನ ಗದ್ದೆಗೆ ಬರುತ್ತೇನೆ. ಕೂಲಿಯ ಮಾತಿಲ್ಲ, ಬರೆದಿಡುವ ರಗಳೆಯಿಲ್ಲ. ಅರಕಲಗೂಡಿನ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತ ಅತ್ತೆಯ ಕಾಲದಿಂದಲೂ ಹುಚ್ಚಮ್ಮನ ಮನೆಯ ನಾಟಿ ಆಗುತ್ತಿದ್ದದ್ದು ಹಾಗೆಯೇ. ಹುಚ್ಚಮ್ಮನೂ ಸೇರಿ ಏಳು ಹೆಂಗಸರ ಕೂಟ. ಒಬ್ಬಳಿಗೆ ಜ್ವರ ಬಂದರೆ ಅವಳ ಮಗಳೋ ಸೊಸೆಯೋ ಬಂದು ಗದ್ದೆಗೆ ಇಳಿಯಬೇಕು. ಬರಲಿಲ್ಲವೋ, ಅವಳು ಮುಯ್ಯಿ ತಿಂದವಳು. ಅಂಥವಳನ್ನು ಊರಲ್ಲಿ ಯಾರೂ ಬೈಯುವುದಿಲ್ಲ, ಜಗಳಕ್ಕೂ ಹೋಗುವುದಿಲ್ಲ. ಮಾರನೆಯ ವರ್ಷ ಸುಮ್ಮನೆ ಅವಳ ಗದ್ದೆಯ ಕಡೆ ತಿರುಗಿ ನೋಡುವುದಿಲ್ಲ, ಅಷ್ಟೇ.

ಈಗ ಎರಡು ವರ್ಷದಿಂದ ಯಾರೂ ತಿರುಗಿ ನೋಡದೆ ಇದ್ದದ್ದು ಹುಚ್ಚಮ್ಮನ ಗದ್ದೆಯನ್ನೇ! ಅರವತ್ತೊಂದು ವರ್ಷ ಯಾರ ಮುಂದೆಯೂ ತಲೆ ತಗ್ಗಿಸದೆ ಬದುಕಿದ ಹೆಂಗಸು ಅವಳು. ಕೂಲಿ ಕೊಟ್ಟು ಹೊರಗಿನ ಆಳು ಕರೆಸಿ ಒಂದು ಎಕರೆ ಹೇಗೋ ನಾಟಿ ಮಾಡಿಸಿದಳು. ರಸ್ತೆ ಬದಿಯ ಅರ್ಧ ಎಕರೆ ಎರಡು ವರ್ಷವೂ ಬೀಳು ಬಿತ್ತು. ಇಡೀ ಗದ್ದೆಗೆ ಆಗುವಷ್ಟು ಸಸಿ ಬೆಳೆಸುವುದನ್ನು ಮಾತ್ರ ಅವಳು ಬಿಡಲಿಲ್ಲ. ಹೆಂಗಸರು ಇವತ್ತಲ್ಲ ನಾಳೆ ಬಂದೇ ಬರುತ್ತಾರೆ ಅಂತ ಅವಳ ಹಟ. ಬರಲಿಲ್ಲ. ಮಿಕ್ಕ ಪೈರು ಎಮ್ಮೆಯ ಹೊಟ್ಟೆಗೆ ಹೋಯಿತು.

ಇಷ್ಟಕ್ಕೆಲ್ಲ ಕಾರಣ ಹೆಲಿಕಾಪ್ಟರ್. ನಗಬೇಡಿ, ಹೇಳುತ್ತೇನೆ.

ಮೇಘವರ್ಣ ಹೆಲಿಕಾಪ್ಟರ್ ಸರ್ವೀಸಸ್ ಅಂತ ಒಂದು ಕಂಪನಿ. ಸಮುದ್ರದ ನಡುವೆ ಎಣ್ಣೆ ತೆಗೆಯುವ ಕಡೆಗೆ ಆಳು ಸಾಗಿಸುವುದು, ಚುನಾವಣೆ ಬಂದರೆ ಪುಢಾರಿಗಳನ್ನು ಹೊತ್ತು ತಿರುಗುವುದು, ನಡೆಯಲು ಸೋಮಾರಿತನ ಪಡುವ ಭಕ್ತರನ್ನು ಬೆಟ್ಟದ ದೇವರ ಮುಂದೆ ಇಳಿಸುವುದು ಅದರ ಕಸುಬು. ಆರು ವರ್ಷದ ಹಿಂದೆ ಅದರ ಷೇರನ್ನು ಹುಚ್ಚಮ್ಮನ ತಲೆಗೆ ಕಟ್ಟಿದವನು ರೇಣುಕಪ್ರಸಾದ್. ದೂರದ ಸಂಬಂಧದಲ್ಲಿ ಅವಳಿಗೆ ತಂಗಿಯ ಮಗ. ಕುಶಾಲನಗರದಲ್ಲಿ ಒಂದು ಬೇಕರಿಯ ಮಹಡಿಯ ಮೇಲೆ ಷೇರಿನ ಆಫೀಸು ಇಟ್ಟುಕೊಂಡಿದ್ದ. ನಾಲಿಗೆಗೆ ಮೂಳೆಯಿಲ್ಲದ ಆಸಾಮಿ.

“ದೊಡ್ಡಮ್ಮ, ಬ್ಯಾಂಕಲ್ಲಿ ದುಡ್ಡು ಮಲಗಿರುತ್ತೆ. ಇಲ್ಲಿ ದುಡ್ಡು ಹಾರುತ್ತೆ. ಜತೆಗೆ ವರ್ಷ ವರ್ಷ ಡಿವಿಡೆಂಡು!” ಎಂದಿದ್ದ.

ಡಿವಿಡೆಂಡ್ ಎಂದರೇನು ಅಂತ ಹುಚ್ಚಮ್ಮ ಎರಡು ಸಲ ಬಿಡಿಸಿ ಕೇಳಿದಳು. ಕೇಳಿ ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡಳು. ಅವರು ಹೆಲಿಕಾಪ್ಟರ್ ಕೊಳ್ಳುವಾಗ ನಾವು ಅವರಿಗೆ ಆಗುವುದು, ಅವರಿಗೆ ಬೆಳೆ ಕೈಗೆ ಬಂದಾಗ ಅವರು ನಮಗೆ ಆಗುವುದು. ಇದು ಮುಯ್ಯಿಯೇ ಅಲ್ಲವೇ? ಕೂಟದ ಮಿಕ್ಕ ಆರು ಹೆಂಗಸರನ್ನೂ ಕೂರಿಸಿಕೊಂಡು ಹಾಗೆಂದೇ ವಿವರಿಸಿದಳು. ತಲೆಗೆ ಹನ್ನೆರಡು ಸಾವಿರ ಹಾಕಿದರು. ಪ್ಯಾನ್ ಕಾರ್ಡು ಇದ್ದದ್ದು ಹುಚ್ಚಮ್ಮನೊಬ್ಬಳಿಗೆ, ಹಾಗಾಗಿ ಷೇರೆಲ್ಲ ಅವಳ ಹೆಸರಿಗೇ ಬಂತು. ಕಾಗದ ಪತ್ರ ಮಾಡಿಸಿಕೊಳ್ಳೋಣ ಎನ್ನುವುದು ಯಾರ ತಲೆಗೂ ಹೊಳೆಯಲಿಲ್ಲ. ಮುಯ್ಯಾಳಿಗೆ ಯಾರಾದರೂ ಕಾಗದ ಬರೆಸುತ್ತಾರೆಯೇ?

ಮೊದಲ ಎರಡು ವರ್ಷ ಡಿವಿಡೆಂಡ್ ಬಂತು. ತಲೆಗೆ ನಾನೂರೈವತ್ತು ರೂಪಾಯಿ ಚಿಲ್ಲರೆ, ಹೆಣ್ಣಾಳಿನ ಒಂದು ದಿನದ ಕೂಲಿ. ಗದ್ದೆಯ ಬದುವಿನ ಮೇಲೆ ನಿಂತು ಹುಚ್ಚಮ್ಮ ಎಲ್ಲರ ಕೈಗೂ ಹಂಚಿದಳು. ಕೂಟದ ಮುದ್ದಿ ಎಂಬವಳು ನೋಟು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ, “ಹೆಲಿಕಾಪ್ಟರ್ರು ಒಂದಿನದ ಆಳಾಗಿ ನಮ್ ಗದ್ದೆಗೆ ಬಂದ್ಹೋಯ್ತು ನೋಡು!” ಎಂದು ಎಲ್ಲರನ್ನೂ ನಗಿಸಿದ್ದಳು.

ಮೂರನೆಯ ವರ್ಷ ಇಲ್ಲ. ನಾಲ್ಕನೆಯ ವರ್ಷವೂ ಚೊಂಬು. ಷೇರಿನ ಬೆಲೆಯೂ ಅರ್ಧಕ್ಕಿಂತ ಕೆಳಗೆ ಕುಸಿದಿತ್ತು. ಹುಚ್ಚಮ್ಮ ಕುಶಾಲನಗರದ ಬಸ್ಸು ಹತ್ತಿ, ಮಂಡಿನೋವಿನಲ್ಲಿ ಬೇಕರಿಯ ಮಹಡಿ ಹತ್ತಿ, ರೇಣುಕಪ್ರಸಾದನ ಎದುರು ಕೂತಳು.

“ಲಾಂಗ್ ಟರ್ಮ್ ನೋಡ್ಬೇಕು ದೊಡ್ಡಮ್ಮ. ಕಂಪನಿಗೆ ಲಾಭ ಬಂದಿದೆ. ಆದರೆ ಡಿವಿಡೆಂಡ್ ಪಾಲಿಸಿ ಅಂತ ಹೊಸದು ಮಾಡಿದ್ದಾರೆ. ಅದರ ಪ್ರಕಾರ ಈಗ ಕೊಡಲ್ಲ.”

“ಲಾಭ ಬಂದೈತೆ, ಕೊಡಕ್ಕಿಲ್ಲ?”

“ಬೆಳವಣಿಗೆಗೆ ಇಟ್ಕೊಂಡಿದ್ದಾರೆ.”

“ಏನ್ ಬೆಳೀತಾರಂತೆ? ಶುಂಠಿಯಾ?”

ಅವನು ಹಲ್ಲು ಕಿರಿದು, ಹನ್ನೊಂದು ಹಾಳೆ ಪ್ರಿಂಟು ತೆಗೆದು ಕೈಗಿತ್ತ. ಪ್ರಿಂಟಿಗೆ ಇಪ್ಪತ್ತೆರಡು ರೂಪಾಯಿ ಇಸಿದುಕೊಂಡ. ತಂಗಿಯ ಮಗನಂತೆ, ಥೂ!

ಸೊಸೆ ವೀಣಾ ಊರಿನ ಡೈರಿಯಲ್ಲಿ ಹಾಲು ಅಳೆದು ಬರೆದುಕೊಳ್ಳುವ ಕೆಲಸದವಳು, ಇಂಗ್ಲಿಷ್ ಓದಬಲ್ಲಳು. ಸಂಜೆ ಜಗಲಿಯ ಮೇಲೆ ಕೂತು ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳಿದಳು.

“‘ಸಾಕಷ್ಟು ಲಾಭ ಬರದಿದ್ದಲ್ಲಿ ಷೇರುದಾರರು ಡಿವಿಡೆಂಡ್ ನಿರೀಕ್ಷಿಸಬಾರದು.’”

“ಸರಿ. ಮಳೆ ಇಲ್ದಿದ್ರೆ ಬೆಳೆ ಇಲ್ಲ. ಮುಂದಕ್ಕೆ?”

“‘ಲಾಭ ಬಂದಿದ್ದು, ಹೊಸ ಹೆಲಿಕಾಪ್ಟರ್ ಕೊಳ್ಳುವ ಆಲೋಚನೆ ಇದ್ದಲ್ಲಿ ನಿರೀಕ್ಷಿಸಬಾರದು. ಕೊಂಡ ಮೇಲೆ ಅದರ ಸಾಲ ತೀರುವ ತನಕ ನಿರೀಕ್ಷಿಸಬಾರದು.’”

“ಹ್ಞೂಂ.”

“‘ಇವು ಯಾವುವೂ ಇಲ್ಲದಿದ್ದರೂ, ಬೇರೆ ಕಾರಣಕ್ಕೆ ಹಣ ಉಳಿಸಿಕೊಳ್ಳುವುದು ಒಳ್ಳೆಯದು ಅಂತ ಆಡಳಿತ ಮಂಡಳಿಗೆ ಅನ್ನಿಸಿದಲ್ಲಿ ನಿರೀಕ್ಷಿಸಬಾರದು.’”

“ಅಲ್ಲ ಕಣೆ, ನಿರೀಕ್ಷೆ ಮಾಡೋ ದಿನ ಯಾವ್ದು ಅಂತ ಎಲ್ಲಿ ಬರ್ದವ್ರೆ?”

ವೀಣಾ ಹಾಳೆಗಳನ್ನು ಹಿಂದೆ ಮುಂದೆ ಮಗುಚಿ ನೋಡಿದಳು. “ಅದು ಬರೆದಿಲ್ಲ ಅತ್ತೆ.”

“‘ಕೊಡಕ್ಕಿಲ್ಲ’ ಅನ್ನೋಕೆ ಹನ್ನೊಂದು ಹಾಳೆ! ನಮ್ಮೂರಲ್ಲಿ ಕುಡುಕನೂ ಒಂದೇ ಮಾತಲ್ಲಿ ಹೇಳ್ತಾನಲ್ಲೆ!” ಹುಚ್ಚಮ್ಮನಿಗೆ ನಗು ಬಂತು, ಮರುಕ್ಷಣ ಸಿಟ್ಟು ಬಂತು. “ಬೀಜಕ್ಕೆ ಎತ್ತಿಡಲಿ, ಬ್ಯಾಡ ಅಂದೋರ್ಯಾರು? ಇಡೀ ಕಣನೇ ಬೀಜಕ್ಕೆ ಅಂತ ಗುಡ್ಡೆ ಹಾಕ್ಕಂಡು ಕೂತವ್ನಲ್ಲ, ಅವ್ನು ಉಣ್ಣೋದೇನು ಮಣ್ಣಾ?”

ಮಣ್ಣೇನೂ ಉಣ್ಣುತ್ತಿರಲಿಲ್ಲ. ಆ ವರ್ಷ ಕಂಪನಿಯ ಅಧ್ಯಕ್ಷರ ಸಂಬಳ ಒಂದೂವರೆ ಪಟ್ಟಾಗಿತ್ತು. ಅದಕ್ಕೆ ಯಾವ ಪಾಲಿಸಿಯೂ ಅಡ್ಡ ಬಂದಿರಲಿಲ್ಲ.

ಹುಚ್ಚಮ್ಮ ಇದನ್ನೆಲ್ಲ ಕೂಟದವರಿಗೆ ಹೇಳದೆ ಇರಲಿಲ್ಲ. ಪಾಸ್‌ಬುಕ್ಕು ಹಿಡಿದು ಸಿದ್ದಮ್ಮನ ಮನೆಗೆ ಹೋದಳು. ಸಿದ್ದಮ್ಮ ಎಂದರೆ ಕೂಟದ ಮುಂದಾಳು. ನಾಟಿಯಲ್ಲಿ ಅವಳ ಕೈ ಹೋದಷ್ಟು ಬೇಗ ಇನ್ನೊಬ್ಬರ ಕಣ್ಣು ಹೋಗುತ್ತಿರಲಿಲ್ಲ. ಅವಳು ಪಾಸ್‌ಬುಕ್ಕನ್ನು ಮುಟ್ಟಲೂ ಇಲ್ಲ.

“ಇದನ್ನ ಓದಕ್ಕೆ ನಂಗೆ ಬರಕ್ಕಿಲ್ಲ ಹುಚ್ಚಕ್ಕ. ಆದ್ರೆ ಒಂದ್ಮಾತು ಗೊತ್ತು. ಆಕಾಸದಲ್ಲಿ ಹೆಲಿಕಾಪ್ಟರ್ ಬಿಡೋನು ಒಂದಿನದ ಕೂಲಿ ಕೊಡಕ್ಕಾಗ್ದೆ ಕೂತವ್ನೆ ಅಂದ್ರೆ ನಂಬೋಕೆ ನಾನೇನು ಹಸುಗೂಸಾ? ಕೊಟ್ಟವ್ನೆ. ಇಸ್ಕಂಡಿದ್ದೀಯ. ನುಂಗಿ ನೀರು ಕುಡ್ದಿದ್ದೀಯ.”

ಅಲ್ಲಿಗೆ ಮುಗಿಯಿತು. ಯಾರೂ ಬೈಯಲಿಲ್ಲ, ಜಗಳಕ್ಕೆ ಬರಲಿಲ್ಲ. ನಾಟಿಗೂ ಬರಲಿಲ್ಲ. ಐದನೆಯ ವರ್ಷ ಡಿವಿಡೆಂಡೂ ಇಲ್ಲ, ನಾಟಿಗೆ ಆಳೂ ಇಲ್ಲ. ಹುಚ್ಚಮ್ಮನಿಗೆ ಕಂಪನಿಯ ಮೇಲೆ ಇದ್ದದ್ದು ಸಿಟ್ಟಲ್ಲ, ಅದಕ್ಕಿಂತ ಕೆಳಗಿನದು. ಸಿಟ್ಟು ಮಾಡಿಕೊಳ್ಳುವಷ್ಟು ಯೋಗ್ಯತೆಯೂ ಅವರಿಗಿಲ್ಲ ಎನ್ನುತ್ತಿದ್ದಳು. ಆದರೆ ಒಂಟಿಯಾಗಿ ಬದುವಿನ ಮೇಲೆ ನಿಂತಾಗ ಅವಳ ತಲೆಯಲ್ಲಿ ಇರುತ್ತಿದ್ದದ್ದು ಒಂದೇ. ಹೇಗಾದರೂ ಮಾಡಿ ಕೂಟ ತನ್ನ ಗದ್ದೆಗೆ ಮತ್ತೆ ಇಳಿಯಬೇಕು, ಸಾಯುವುದರೊಳಗೆ ಈ ಕಳ್ಳಿ ಎನ್ನುವ ಹೆಸರು ಹೋಗಬೇಕು. ಬೇರೇನೂ ಅವಳಿಗೆ ಬೇಕಿರಲಿಲ್ಲ.

ಈ ವರ್ಷ ಆಗಸ್ಟಿನಲ್ಲಿ ಹಾರಂಗಿ ನಾಲೆಗೆ ನೀರು ಬಿಟ್ಟ ವಾರವೇ, ಮಂಗಳವಾರ ಬೆಳಿಗ್ಗೆ, ಒಂದು ಬಿಳಿ ಕಾರು ಬಂದು ಮನೆಯ ಮುಂದೆ ನಿಂತಿತು. ಇಳಿದವನ ಹೆಸರು ಲೋಹಿತ್. ಮೇಘವರ್ಣ ಕಂಪನಿಯ ಮ್ಯಾನೇಜರಂತೆ. ಮೂವತ್ತು ದಾಟಿರಲಿಲ್ಲ, ಕೈಯಲ್ಲಿ ಸ್ವೀಟ್ ಬಾಕ್ಸು. ಜಗಲಿಯನ್ನು ಕರ್ಚೀಫಿನಿಂದ ಒರೆಸಿ ಕೂತ. ಆಗಲೇ ಹುಚ್ಚಮ್ಮ ಅವನಿಗೆ ಕಾಫಿ ಕೊಡಬಾರದು ಅಂತ ತೀರ್ಮಾನ ಮಾಡಿದಳು.

ವಿಷಯ ಏನೆಂದರೆ, ರಸ್ತೆಯಾಚೆಯ ರೆಸಾರ್ಟಿನ ಜತೆ ಸೇರಿ ಕಂಪನಿ ಪ್ರವಾಸಿಗಳನ್ನು ಕೊಡಗಿನ ಮೇಲೆ ಹತ್ತು ನಿಮಿಷ ಹಾರಿಸುವ ವ್ಯವಹಾರ ಶುರು ಮಾಡುತ್ತಿತ್ತು. ಭಾನುವಾರ ಹತ್ತು ಗಂಟೆಗೆ ಉದ್ಘಾಟನೆ. ಅಧ್ಯಕ್ಷರು ಖುದ್ದು ಹೆಲಿಕಾಪ್ಟರಿನಲ್ಲಿ ಬಂದಿಳಿಯಬೇಕು. ಸುತ್ತಮುತ್ತ ಕರೆಂಟು ತಂತಿಯಿಲ್ಲದ, ಮರವಿಲ್ಲದ, ಗಟ್ಟಿಯಾಗಿ ಒಣಗಿದ ಜಾಗ ಒಂದೇ ಇತ್ತು. ಹುಚ್ಚಮ್ಮನ ಬೀಳು ಬಿದ್ದ ಅರ್ಧ ಎಕರೆ.

“ಒಂದು ದಿನಕ್ಕೆ ನಲವತ್ತು ಸಾವಿರ ಬಾಡಿಗೆ ಅಮ್ಮ. ಆಮೇಲೆ ತಿಂಗಳ ಲೆಕ್ಕ ಮಾತಾಡೋಣ.”

ನಲವತ್ತು ಸಾವಿರ! ಹುಚ್ಚಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹೆಂಗಸರಿಗೆಲ್ಲ ಬರಬೇಕಾದದ್ದನ್ನು ಕೊಟ್ಟು ಇನ್ನೂ ಮಿಗುತ್ತಿತ್ತು. ಆದರೂ ಮುಖದಲ್ಲಿ ತೋರಿಸಿಕೊಳ್ಳದೆ ಕೇಳಿದಳು:

“ನಿಮ್ ಕಂಪನೀಲಿ ನಮ್ದೂ ಷೇರು ಐತೆ, ಗೊತ್ತಾ?”

ಗೊತ್ತಿರಲಿಲ್ಲ. ಫೋನಿನಲ್ಲಿ ಯಾರನ್ನೋ ವಿಚಾರಿಸಿ, ಅವನು ಕುಣಿದಾಡುವುದೊಂದು ಬಾಕಿ. “ಅಯ್ಯೋ, ಇದು ಸೂಪರ್ ಆಯ್ತಲ್ಲ! ಸ್ಟೇಜ್ ಮೇಲೆ ಅಧ್ಯಕ್ಷರೇ ನಿಮಗೆ ಶಾಲು ಹೊದಿಸ್ತಾರೆ. ‘ನಾನು ಈ ಕಂಪನಿ ಷೇರುದಾರಳು, ನನಗೆ ಸಂತೋಷ ಇದೆ’ ಅಂತ ಮೈಕಲ್ಲಿ ಎರಡು ಮಾತು ಆಡಿದ್ರೆ ಸಾಕು. ಪೇಪರಿನವರೂ ಬರ್ತಾರೆ.”

“ಶಾಲು ಬ್ಯಾಡ. ಬಾಡಿಗೆ ಅನ್ನೋದೂ ಬ್ಯಾಡ. ಅದೇ ದುಡ್ಡನ್ನ ಮೂರು ವರ್ಷದ ಡಿವಿಡೆಂಡು ಅಂತ ಬರ್ದು, ಏಳು ಜನದ ಕೈಗೆ ನೀವೇ ಕೊಡಿ. ಕಂಪನಿ ಇಲ್ಲೀಗಂಟ ಕೊಟ್ಟಿರ್ಲಿಲ್ಲ ಅಂತ ಅವ್ರ ಮುಂದೆ ಒಂದ್ಮಾತು ಹೇಳಿ.”

ಲೋಹಿತ್ ನಕ್ಕ. ಮಕ್ಕಳು ಚಂದ್ರನನ್ನು ಕೇಳಿದಾಗ ನಗುತ್ತಾರಲ್ಲ, ಹಾಗೆ. “ಒಬ್ಬಿಬ್ಬರಿಗೆ ಡಿವಿಡೆಂಡ್ ಕೊಡೋಕೆ ಕಾನೂನೇ ಇಲ್ಲಮ್ಮ. ಕೊಟ್ರೆ ಎಲ್ಲರಿಗೂ. ನಮ್ಮ ಪಾಲಿಸಿ ಒಪ್ಪಲ್ಲ. ಅಧ್ಯಕ್ಷರು ಬರೋ ದಿನ ಆ ಮಾತೇ ಬೇಡ, ಪ್ಲೀಸ್.” ಹಾಗೆಂದು ಮುಂಗಡದ ಕವರನ್ನು ಸ್ವೀಟ್ ಬಾಕ್ಸಿನ ಮೇಲಿಟ್ಟು, ಅವಳು ಹೂಂ ಎನ್ನುವ ಮೊದಲೇ ಎದ್ದು ಹೋದ. ಮಧ್ಯಾಹ್ನಕ್ಕೆ ಗದ್ದೆಯ ನಾಲ್ಕು ಮೂಲೆಯಲ್ಲೂ ಕೆಂಪು ಬಾವುಟ ನೆಟ್ಟಿದ್ದರು.

ಕವರು ಮೂರು ದಿನ ದೇವರ ಗೂಡಿನಲ್ಲೇ ಇತ್ತು. ಒಡೆಯಲೂ ಮನಸ್ಸಿಲ್ಲ, ವಾಪಸು ಕೊಡಲೂ ಮನಸ್ಸಿಲ್ಲ. “ಇಸ್ಕೊಳ್ಳಿ ಅತ್ತೆ, ಹಂಚಿಬಿಡೋಣ,” ಎಂದಳು ವೀಣಾ. ಅದೂ ನಿಜವೇ ಅಂತ ಅನ್ನಿಸಿತ್ತು.

ಶುಕ್ರವಾರ ಬೆಳಿಗ್ಗೆ ಡೈರಿಯ ಸಾಲಿನಲ್ಲಿ ಸಿದ್ದಮ್ಮ ಮುಂದೆ, ಹುಚ್ಚಮ್ಮ ಹಿಂದೆ. ಎರಡು ವರ್ಷದಿಂದ ಮಾತಾಡದ ಸಿದ್ದಮ್ಮ ಹಾಲಿನ ಕ್ಯಾನು ಕೆಳಗಿಟ್ಟು, ಎಲ್ಲರಿಗೂ ಕೇಳುವ ಹಾಗೆ ಅಂದಳು:

“ಭಾನುವಾರ ಶಾಲಂತೆ! ಹೊದ್ಕ ಹುಚ್ಚಕ್ಕ, ಹೊದ್ಕ. ಕಳ್ ದುಡ್ ತಿಂದೋರ್ಗೆ ಚಳಿ ಜಾಸ್ತಿ. ಕಂಪನಿಯವ್ರು ಬಾಡಿಗೇನೂ ಕೊಟ್ರಂತೆ? ನೋಡ್ದಾ ಮುದ್ದಿ, ಕೊಡಕ್ಕಿಲ್ಲ ಕೊಡಕ್ಕಿಲ್ಲ ಅಂತಿದ್ರಲ್ಲ, ಹೆಂಗೆ ಕೊಡ್ತಾವ್ರೆ!”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಎಂದೂ ಮಾತಿಗೆ ಸೋಲದ ಹುಚ್ಚಮ್ಮ ಅವತ್ತು ಹಾಲು ಹಾಕಿ ತಲೆ ತಗ್ಗಿಸಿ ಹೊರಟಳು. ಮನೆಗೆ ಬಂದು ಎಮ್ಮೆಯ ಕೊಟ್ಟಿಗೆಯಲ್ಲಿ ನಿಂತು ಅತ್ತಳು. ಅತ್ತು ಮುಗಿದ ಮೇಲೆ ತನ್ನ ಮೇಲೆಯೇ ಹೇಸಿಗೆಯಾಯಿತು. ತನ್ನ ಗದ್ದೆಯನ್ನು ಬೀಳು ಬೀಳಿಸಿದವನು ಅದೇ ಬೀಳಿನ ಮೇಲೆ ಬಂದಿಳಿದು ತನಗೆ ಶಾಲು ಹೊದಿಸುವುದಂತೆ! ಅಂಥವನ ಕವರನ್ನು ದೇವರ ಮುಂದೆ ಇಟ್ಟುಕೊಂಡು ಮೂರು ದಿನ ಲೆಕ್ಕ ಹಾಕಿದಳಲ್ಲ ತಾನು! ಏನು ಬುದ್ಧಿ ಬಂತು ತನಗೆ, ಇಂಥವರ ಎಂಜಲಿಗೆ ಕೈ ಚಾಚುವಂಥದ್ದು?

ಶನಿವಾರ ಬೆಳಗಾಗುತ್ತಲೇ ಗುದ್ದಲಿ ಹಿಡಿದು ಹೋಗಿ ನಾಲೆಯ ಕಡೆಯ ಬದು ಕಡಿದಳು. ನೀರು ರಸ್ತೆ ಬದಿಯ ಅರ್ಧ ಎಕರೆಗೆ ಬಗಬಗನೆ ನುಗ್ಗಿತು. ಟಿಲ್ಲರ್ ಓಡಿಸುವ ಸಿದ್ದರಾಜುವನ್ನು ಕರೆಸಿದಳು. ಅವನು ಬಾವುಟ ನೋಡಿ ತಲೆ ಕೆರೆದುಕೊಂಡ. “ಅದುನ್ನೂ ಸೇರ್ಸಿ ಉಳು,” ಎಂದಳು. ಮಧ್ಯಾಹ್ನದ ಹೊತ್ತಿಗೆ ಗದ್ದೆ ಮೊಣಕಾಲುದ್ದ ಕೆಸರಾಗಿತ್ತು.

ಲೋಹಿತ್ ಓಡಿ ಬಂದ. ಬದುವಿನ ಮೇಲೆ ನಿಂತು ಕೂಗಿದ: “ಏನಮ್ಮ ಇದು! ಏನು ಮಾಡಿಟ್ಟಿದ್ದೀರಿ! ನಾಳೆ ಹತ್ತು ಗಂಟೆಗೆ ಅಧ್ಯಕ್ಷರು ಬರ್ತಾರೆ!”

ಹುಚ್ಚಮ್ಮ ಸೊಂಟದಿಂದ ಕವರು ತೆಗೆದು ಅವನ ಕೈಗೆ ಹಾಕಿದಳು. ಸ್ವೀಟ್ ಬಾಕ್ಸನ್ನು ವೀಣಾ ತಂದುಕೊಟ್ಟಳು.

“ನಿಮ್ಗೆ ಪಾಲಿಸಿ ಐತಲ್ಲ, ನಂಗೂ ಐತೆ, ಕೇಳ್ಕ. ಗದ್ದೆ ನೆಂದಿದ್ರೆ ಹೆಲಿಕಾಪ್ಟರ್ ಇಳ್ಸೋದನ್ನ ನಿರೀಕ್ಷೆ ಮಾಡ್ಬಾರ್ದು. ಗದ್ದೆ ಒಣಗಿದ್ದು, ನೆನೆಸೋ ಆಲೋಚನೆ ಇದ್ರೆ ನಿರೀಕ್ಷೆ ಮಾಡ್ಬಾರ್ದು. ಇವೆಲ್ಲ ಇಲ್ದಿದ್ರೂ ಆಡಳಿತ ಮಂಡಳಿಗೆ ಅನ್ನಿಸ್ಬೇಕು. ಮಂಡಳಿ ಅಂದ್ರೆ ನಾನು, ನನ್ ಸೊಸೆ, ಅಗೋ ಆ ಎಮ್ಮೆ. ಎಮ್ಮೆ ಒಪ್ತಾ ಇಲ್ಲ.”

“ಐವತ್ತು ಕೊಡಿಸ್ತೀನಿ! ನೀರು ಬಸಿದುಬಿಡಿ, ರಾತ್ರಿ ಮಣ್ಣು ಹೊಡೆಸ್ತೀವಿ. ಎಂಬತ್ತು! ಎಂಬತ್ತು ಸಾವಿರ ಅಮ್ಮ! ನನ್ನ ಕೆಲಸ ಹೋಗುತ್ತೆ!”

“ಎಂಬತ್ತು ಸಾವ್ರ ನಿಂತ ನಿಲುವಲ್ಲಿ ಹುಟ್ತದೆ. ಆರು ಹೆಂಗಸ್ರ ನಾನೂರೈವತ್ತು ರೂಪಾಯಿ ಮೂರು ವರ್ಷ ಆದ್ರೂ ಹುಟ್ಟಕ್ಕಿಲ್ಲ. ಹೋಗಪ್ಪ, ಹೋಗು. ನಿನ್ ಮುಖ ನೋಡಿ ಸೊಸೆ ಡೈರೀಲಿ ಹಾಲು ಒಡೀತದೆ.”

ಆ ಮಹಾಶಯ ಹೋಗಿ ಅಧ್ಯಕ್ಷರಿಗೆ ನಿಜ ಹೇಳಿದನೇ? ಎಲ್ಲಿಯ ಮಾತು! ಮುದುಕಿ ಬೆಳಗಾಗುವುದರೊಳಗೆ ದಾರಿಗೆ ಬರುತ್ತಾಳೆ ಅಂತ ಬಾಯಿಗೆ ಬೀಗ ಹಾಕಿಕೊಂಡು ಮಲಗಿದ. ಸಂಬಳ ತಿನ್ನುವವನಿಗೆ ಇರುವ ಧೈರ್ಯ ಅಷ್ಟೇ.

ಭಾನುವಾರ ಆರೂವರೆಗೆ ಹುಚ್ಚಮ್ಮ, ವೀಣಾ ಇಬ್ಬರೇ ಈ ವರ್ಷವೂ ಬೆಳೆಸಿದ್ದ ಪೈರು ಹಿಡಿದು ಗದ್ದೆಗೆ ಇಳಿದರು. ಇಬ್ಬರ ಕೈಯಲ್ಲಿ ಅರ್ಧ ಎಕರೆ ಮೂರು ದಿನದ ಕೆಲಸ. ಮಳೆ ಬಿಟ್ಟಿತ್ತು. ರಸ್ತೆಯಾಚೆ ರೆಸಾರ್ಟಿನಲ್ಲಿ ಶಾಮಿಯಾನ, ಮೈಕು, ಸೂಟು ಹಾಕಿಕೊಂಡು ಬಂದ ಜನ. ಹುಚ್ಚಮ್ಮ ತಲೆಯೆತ್ತದೆ ನೆಡುತ್ತ ಹಿಂದೆ ಹಿಂದೆ ಸರಿದಳು. ಎಂಟು ಗಂಟೆಗೆ ಸೊಂಟ ಮಾತಾಡತೊಡಗಿತು. ನಲವತ್ತೂ ಹೋಯಿತು, ಎಂಬತ್ತೂ ಹೋಯಿತು, ಸೊಂಟವೂ ಹೋಯಿತು ಅಂತ ಮನಸ್ಸಿನಲ್ಲೇ ಬೈದುಕೊಂಡಳು.

ಒಂಬತ್ತರ ಸುಮಾರಿಗೆ ಬದುವಿನ ಮೇಲೆ ಯಾರೋ ನಿಂತ ಹಾಗಾಯಿತು. ಸಿದ್ದಮ್ಮ. ಅವಳು ಕೆಸರು ನೋಡಿದಳು, ಕೆಸರಿನಲ್ಲಿ ಅರ್ಧ ಹೂತ ಕೆಂಪು ಬಾವುಟ ನೋಡಿದಳು, ರಸ್ತೆಯಾಚೆ ಫೋನು ಹಿಡಿದು ಒದ್ದಾಡುತ್ತಿದ್ದ ಲೋಹಿತನನ್ನು ನೋಡಿದಳು. ಸೀರೆ ಎತ್ತಿ ಕಟ್ಟಿ, ಪೈರಿನ ಒಂದು ಕಟ್ಟು ಎತ್ತಿಕೊಂಡು ಇಳಿದಳು. ಅವಳ ಹಿಂದೆ ಮುದ್ದಿ, ಮುದ್ದಿಯ ಹಿಂದೆ ಇನ್ನಿಬ್ಬರು. ಮಿಕ್ಕ ಇಬ್ಬರು ಬರಲಿಲ್ಲ, ಅವರು ಇವತ್ತಿಗೂ ಬಂದಿಲ್ಲ.

ಹತ್ತು ಗಂಟೆಗೆ ಸರಿಯಾಗಿ ಹೆಲಿಕಾಪ್ಟರ್ ಬಂತು. ಗುಡ್ಡದ ಮೇಲಿಂದ ಇಳಿದು, ಗದ್ದೆಯ ನೇರಕ್ಕೆ ಬಂದು ನಿಂತಲ್ಲೇ ನಿಂತಿತು. ಗಾಳಿಗೆ ಕೆಸರು ನೀರು ಎದ್ದು ಮುಖಕ್ಕೆ ರಾಚಿತು. ಹೆಂಗಸರು ಕುಕ್ಕರುಗಾಲಿನಲ್ಲಿ ಕೂತು ನೆಟ್ಟ ಪೈರಿಗೆ ಕೈ ಅಡ್ಡ ಹಿಡಿದರು. ಲೋಹಿತ್ ರಸ್ತೆಯಲ್ಲಿ ಎರಡು ಕೈಯನ್ನೂ ಬೀಸುತ್ತ ಓಡಾಡುತ್ತಿದ್ದ. ಹುಚ್ಚಮ್ಮ ಮಾತ್ರ ನೆಟ್ಟಗೆ ನಿಂತು ಕೆಸರಿನ ಕೈ ಎತ್ತಿದಳು.

“ಇಳಿಯೋ! ಮೂರು ದಿನದ ಮುಯ್ಯಿ ಐತೆ, ಇಳ್ದು ತೀರ್ಸಿ ಹೋಗು! ಪಂಚೆ ಎತ್ ಕಟ್ಕಂಡು ಇಳಿಯೋ ನನ್ ಮಗನೇ!”

ಮೇಲಿದ್ದವರಿಗೆ ಕೇಳಿಸಿತೋ ಇಲ್ಲವೋ. ಎರಡು ಸುತ್ತು ಹೊಡೆದು ಬಂದ ದಾರಿಯಲ್ಲೇ ಹೋಯಿತು. ಶಾಮಿಯಾನದ ಕೆಳಗೆ ಮೈಕಿನಲ್ಲಿ ಯಾರೋ “ತಾಂತ್ರಿಕ ಕಾರಣ” ಎಂದರು. ಮುದ್ದಿ ಬಿದ್ದು ಬಿದ್ದು ನಕ್ಕಳು. ಸಿದ್ದಮ್ಮ ನಗಲಿಲ್ಲ. ಮುಖದ ಕೆಸರು ಒರೆಸಿಕೊಂಡು ಮತ್ತೆ ಬಗ್ಗಿದಳು. ಹುಚ್ಚಮ್ಮನ ಪಕ್ಕದ ಸಾಲಿಗೆ ಬಂದ ಮೇಲೆ ಮೆಲ್ಲಗೆ ಕೇಳಿದಳು:

“ನಲವತ್ತು ಸಾವ್ರ ಬಿಟ್ಟಾ?”

“ಎಂಬತ್ತಕ್ಕೆ ಬಂದಿದ್ದ. ಬಿಟ್ಟೆ.”

“ದಡ್ಡಿ. ಇಸ್ಕಂಡು ಏಳು ಪಾಲು ಮಾಡ್ಬೋದಿತ್ತು.”

ಹುಚ್ಚಮ್ಮನ ಕೈ ನಿಂತಿತು. “ಮಾಡಿದ್ರೆ ನೀನು ತಕಂತಿದ್ದಾ?”

ಸಿದ್ದಮ್ಮ ಕೈ ನಿಲ್ಲಿಸದೆ ನೆಡುತ್ತಲೇ ಅಂದಳು: “ತಕಂತಿದ್ದೆ. ತಕಂಡು, ಎರಡು ಲಕ್ಷ ಇಸ್ಕಂಡು ಎಂಬತ್ತು ಹಂಚವ್ಳೆ ಅಂತ ಊರೆಲ್ಲ ಹೇಳ್ಕಂಡು ಬತ್ತಿದ್ದೆ.”

ಹುಚ್ಚಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಣ್ಣಲ್ಲಿ ನೀರು ಬಂದಾಗ ಒರೆಸಿಕೊಳ್ಳಲು ಕೈಯೆಲ್ಲ ಕೆಸರು.

ಮಧ್ಯಾಹ್ನ ಮೂರಕ್ಕೆ ಅರ್ಧ ಎಕರೆ ಮುಗಿಯಿತು. ಸಿದ್ದಮ್ಮ ನಾಲೆಯ ನೀರಿನಲ್ಲಿ ಕಾಲು ತೊಳೆದುಕೊಂಡಳು. ತಪ್ಪಾಯಿತು ಅನ್ನಲಿಲ್ಲ, ನಂಬಿದೆ ಅಂತಲೂ ಅನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟವಳು ಬದುವಿನ ಮೇಲಿಂದ ತಿರುಗಿ ನೋಡದೆಯೇ ಕೂಗಿದಳು:

“ಬುಧವಾರ ನಮ್ ಗದ್ದೆ. ಏಳು ಗಂಟೆಗೆ ಬಂದ್ಬಿಡು.”

“ಆರೂವರೆಗೇ ಬತ್ತೀನಿ,” ಎಂದಳು ಹುಚ್ಚಮ್ಮ.